ಉಣುಗು ಮತ್ತು ಮಂಗನ ಕಾಯಿಲೆ

ದನದ ಕಿವಿಯಲ್ಲಿ ಬೂದು ಬಣ್ಣದ ಹುಳ ಉಬ್ಬಿಕೊಂಡು ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದೇ ಉಣುಗು. ಅದು ಸೊಳ್ಳೆಯ ಹಾಗೆ ಕೀಟ ಅಲ್ಲ, ಜೇಡನ ಕಡೆಯ ನೆಂಟ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. ಮೊಟ್ಟೆಯಿಂದ ಬಂದಾಗ ಆರೇ ಕಾಲು. ಇಲಿಯದ್ದೋ ಹಕ್ಕಿಯದ್ದೋ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು ಕಾಲು. ಈ ಎರಡನೇ ಹಂತದ್ದು ಸಾಸಿವೆ ಕಾಳಿನಷ್ಟು ಸಣ್ಣದು. ನಮಗೆ ಕಚ್ಚುವುದು ಹೆಚ್ಚಾಗಿ ಇದೇ. ಕಚ್ಚಿದ್ದು ಗೊತ್ತೇ ಆಗಲ್ಲ.

ಅಮೆರಿಕದಲ್ಲಿ ಒಂದು ಜಾತಿಯ ಉಣುಗು ಕಚ್ಚಿದರೆ ಕೆಲವರಿಗೆ ಆಮೇಲೆ ದನ, ಹಂದಿ, ಕುರಿ ಮಾಂಸ ತಿಂದರೆ ಆಗುವುದಿಲ್ಲವಂತೆ. ತಿಂದು ಕೆಲವು ಗಂಟೆ ಕಳೆದ ಮೇಲೆ ಮೈಯೆಲ್ಲ ದದ್ದು ಏಳುತ್ತದೆ, ಉಸಿರು ಕಟ್ಟುವುದೂ ಉಂಟು. ನಮ್ಮ ಮಲೆನಾಡಿನ ಉಣುಗಿನ ಕಥೆ ಬೇರೆ.

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಂಚಿನ ಊರಿನವರಿಗೂ ಜ್ವರ ಬಂತು. ಮೊದಲು ಹಳದಿ ಜ್ವರವೋ ಏನೋ ಎಂದು ಹೆದರಿದರಂತೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಹೊಸ ವೈರಸ್ಸೇ ಸಿಕ್ಕಿತು. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ. ಎಂಬ ಹೆಸರು.

ನಾವು ಮಂಗನ ಕಾಯಿಲೆ ಅಂತೀವಿ. ಪಾಪ, ಮಂಗಕ್ಕೂ ಮುಸ್ಯಕ್ಕೂ ಅದನ್ನು ಕೊಡುವುದು ಉಣುಗೇ. ಆದರೆ ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಆ ಜಾಗ ಅಪಾಯ.

ಇದು ನನಗೆ ಮೊದಲೇ ಗೊತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಹೋದ ವರ್ಷ ಜನವರಿಯಲ್ಲಿ ನಾವು ಮೂವರು ಸೊಪ್ಪಿನ ಬೆಟ್ಟದಲ್ಲಿ ಒಂದು ಸತ್ತ ಮುಸ್ಯ ನೋಡಿದೆವು. ಕೋಲಿನಿಂದ ತಿರುಗಿಸಿಯೂ ನೋಡಿದೆವು. ಕಾಡಿಗೆ ಯಾಕೆ ಹೋಗಿದ್ರಿ ಅಂತ ಬೈತಾರೆ ಎಂದು ಮನೆಯಲ್ಲಿ ಹೇಳಲಿಲ್ಲ. ಮಾರನೇ ವಾರ ಅಮ್ಮ ಕೊಟ್ಟಿಗೆಗೆ ಹಾಸಲು ಅಲ್ಲಿಗೇ ದರಗು ಗುಡಿಸಲು ಹೋದರು. ಐದಾರು ದಿನಕ್ಕೆ ಜ್ವರ ಬಂತು. ತಲೆ ಸಿಡಿತ, ಸೊಂಟ ಕಾಲು ಎತ್ತಲಾಗದಷ್ಟು ನೋವು, ವಾಂತಿ. ಅಜ್ಜಿ ಕಷಾಯ ಕೊಟ್ಟರು, ಇಳಿಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕೆ.ಎಫ್.ಡಿ. ಎಂದು ಬಂತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. ಅಪ್ಪ ಜೊತೆಗಿದ್ದರು, ನಾನು ದನ ನೋಡಿಕೊಂಡೆ. ಮುಸ್ಯದ ವಿಷಯ ಅಪ್ಪನಿಗೆ ಹೇಳಿದ್ದು ಅಮ್ಮ ಮನೆಗೆ ಬಂದ ಮೇಲೆ. ಅಪ್ಪ ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಮೈಯಲ್ಲಿ ನೀರು ಕಡಿಮೆಯಾಗದಂತೆ, ರಕ್ತಸ್ರಾವ ಆಗದಂತೆ ಡಾಕ್ಟರು ನೋಡಿಕೊಳ್ಳುತ್ತಾರೆ. ಬೇಗ ಹೋದಷ್ಟೂ ಒಳ್ಳೆಯದು. ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ಮೆದುಳಿಗೂ ತೊಂದರೆ. ಆದರೆ ರೋಗಿಯನ್ನು ಮುಟ್ಟಿದರೆ ಅಂಟುವುದಿಲ್ಲ. ಅಮ್ಮ ಬಂದಾಗ ಪಕ್ಕದ ಮನೆಯವರು ಎಷ್ಟೋ ದಿನ ಒಳಗೇ ಬರಲಿಲ್ಲ, ಅದಕ್ಕೇ ಇದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಮೊದಲು ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಹೊಸದನ್ನು ತಯಾರಿಸುವ ಕೆಲಸ ನಡೆದಿದೆ.

ಡಿಸೆಂಬರಿನಿಂದ ಮೇ ತನಕ ಕಾಯಿಲೆ ಜಾಸ್ತಿ. ದರಗು ಗುಡಿಸುವುದೂ ಅದೇ ಕಾಲದಲ್ಲಿ, ಬಿಟ್ಟರೆ ಕೊಟ್ಟಿಗೆ, ತೋಟ ನಡೆಯಲ್ಲ. ಹಾಗಾಗಿ ಹೋಗುವ ಮುಂಚೆ ಆಶಾ ಅಕ್ಕ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ತುಂಬು ತೋಳಿನ ಅಂಗಿ ಹಾಕಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ. ಕಚ್ಚಿಕೊಂಡ ಉಣುಗನ್ನು ಬೆರಳಿನಿಂದ ಹಿಸುಕಬೇಡಿ, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಅವತ್ತೇ ಆಶಾ ಅಕ್ಕನಿಗೆ ಹೇಳಿ, ಆರೋಗ್ಯ ಇಲಾಖೆಯವರು ಬಂದು ಸುಡುತ್ತಾರೆ, ಸುತ್ತ ಪುಡಿ ಉದುರಿಸುತ್ತಾರೆ.

ಈ ವರ್ಷವೂ ಅಮ್ಮ ದರಗಿಗೆ ಹೋಗುತ್ತಾರೆ. ಎಣ್ಣೆ ಬಾಟಲಿ ನನ್ನ ಹತ್ತಿರವೇ ಇದೆ. ವಾಸನೆ ಅಂತ ಗೊಣಗುತ್ತಾರೆ, ಆದರೂ ಹಚ್ಚದೆ ನಾನು ಬಿಡಲ್ಲ.