ಐದು ಡಾಲರ್ ಕೂಲಿ, ಆರಡಿ ಗೋಡೆ

1914ರ ಜನವರಿಯ ಕೊರೆಯುವ ಚಳಿಯಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನ ಫೋರ್ಡ್ ಕಾರ್ಖಾನೆ ಮುಂದೆ ಸಾವಿರಾರು ಜನ ಜಮಾಯಿಸಿದ್ದರು. ಎಂಟು ಗಂಟೆ ಕೆಲಸಕ್ಕೆ ಐದು ಡಾಲರ್ ಕೊಡುವುದಾಗಿ ಹೆನ್ರಿ ಫೋರ್ಡ್ ಜನವರಿ 5ರಂದು ಸಾರಿದ್ದೇ ತಡ, ಊರೂರುಗಳಿಂದ ರೈಲು ಹತ್ತಿ ಬಂದವರು ಅವರು. ನೂಕುನುಗ್ಗಲು ಹೆಚ್ಚಿದಾಗ ಬೆಂಕಿ ಆರಿಸುವ ಕೊಳವೆಗಳಿಂದ ಅವರ ಮೇಲೆ ನೀರು ಹಾಯಿಸಿ ಚದುರಿಸಲಾಯಿತು. ಆ ಚಳಿಯಲ್ಲಿ ತೊಯ್ದ ಬಟ್ಟೆ ಮೈಮೇಲೆಯೇ ಹೆಪ್ಪುಗಟ್ಟಿತು. ಆದರೂ ಜನ ಬರುತ್ತಲೇ ಇದ್ದರು. ಅಲ್ಲಿಯವರೆಗೆ ಅದೇ ಕಾರ್ಖಾನೆಯಲ್ಲಿ ಒಂಬತ್ತು ಗಂಟೆ ದುಡಿದರೂ ಕೈಗೆ ಬರುತ್ತಿದ್ದುದು 2 ಡಾಲರ್ 34 ಸೆಂಟ್.

ಫೋರ್ಡ್‌ಗೆ ಇದು ದಾನಧರ್ಮದ ಮಾತಾಗಿರಲಿಲ್ಲ. 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಕಾರಿನ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿದಿತ್ತು. ಒಂದೇ ಬೋಲ್ಟನ್ನು ದಿನವಿಡೀ ಬಿಗಿಯುತ್ತ ನಿಲ್ಲುವ ಆ ಕೆಲಸದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು ಆ ವರ್ಷ 52,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು. ಐದು ಡಾಲರ್ ಜನರನ್ನು ಕಟ್ಟಿಹಾಕುವ ಬೆಲೆ. ಅದರಲ್ಲಿ ಸುಮಾರು ಅರ್ಧ ಮಾತ್ರ ಕೂಲಿ, ಉಳಿದದ್ದು ಲಾಭದ ಪಾಲು. ಆ ಪಾಲು ಸಿಗಬೇಕಾದರೆ ಕಂಪನಿಯ ತಪಾಸಣೆಗಾರರು ಮನೆಗೇ ಬಂದು ಮನೆ ಚೊಕ್ಕಟವಾಗಿದೆಯೇ, ಯಜಮಾನ ಕುಡಿಯುತ್ತಾನೆಯೇ, ಬ್ಯಾಂಕಿನಲ್ಲಿ ಉಳಿತಾಯ ಇದೆಯೇ ಎಂದು ನೋಡಿ ಬರೆದುಕೊಂಡು ಹೋಗುತ್ತಿದ್ದರು.

ಹೀಗಿದ್ದರೂ ಒಂದು ದೊಡ್ಡ ಬದಲಾವಣೆಗೆ ಅಲ್ಲಿ ಬೀಜ ಬಿತ್ತು. ಕಾರು ಮಾಡುವವನೇ ಕಾರು ಕೊಳ್ಳಬಲ್ಲವನಾದ. 1908ರಲ್ಲಿ 850 ಡಾಲರ್ ಇದ್ದ ಮಾಡೆಲ್ ಟಿ ಕಾರಿನ ಬೆಲೆ 1920ರ ದಶಕದಲ್ಲಿ 300ಕ್ಕಿಂತ ಕೆಳಗಿಳಿಯಿತು. ಆದರೆ ಕೊಟ್ಟ ಕೈಗೆ ಕಿತ್ತುಕೊಳ್ಳುವುದೂ ಸುಲಭ. ಒಳ್ಳೆಯ ಕೂಲಿಯನ್ನು ಹಕ್ಕಾಗಿ ಬರೆಸಿಕೊಳ್ಳಲು ಕಾರ್ಮಿಕರು ಬಡಿದಾಡಬೇಕಾಯಿತು. 1936ರ ಡಿಸೆಂಬರ್ 30ರಂದು ಫ್ಲಿಂಟ್ ಊರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಮಿಕರು ಕಾರ್ಖಾನೆಯೊಳಗೇ ಕೂತುಬಿಟ್ಟರು. 44 ದಿನಗಳ ಆ ಮುಷ್ಕರದ ಕೊನೆಗೆ ಕಂಪನಿ ಆಟೊ ಕಾರ್ಮಿಕರ ಸಂಘವನ್ನು ಒಪ್ಪಿಕೊಂಡಿತು. ಫೋರ್ಡ್ ಮಣಿದದ್ದು 1941ರಲ್ಲಿ. 1950ರ ಹೊತ್ತಿಗೆ ಸಂಘದ ನಾಯಕ ವಾಲ್ಟರ್ ರೂಥರ್ ಜನರಲ್ ಮೋಟಾರ್ಸ್ ಜೊತೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆ, ವರ್ಷವರ್ಷದ ಸಂಬಳ ಏರಿಕೆ, ಪಿಂಚಣಿ, ಆರೋಗ್ಯ ವಿಮೆ, ಎಲ್ಲವೂ ಅದರಲ್ಲಿದ್ದವು. ಪತ್ರಿಕೆಯವರು ಅದನ್ನು ‘ಡೆಟ್ರಾಯಿಟ್ ಸಂಧಿ’ ಎಂದು ಕರೆದರು. ಪ್ರೌಢಶಾಲೆ ಮುಗಿಸದವನೂ ಒಂದೇ ಸಂಬಳದಲ್ಲಿ ಸಂಸಾರ ತೂಗಿಸಿ ಮಕ್ಕಳನ್ನು ಕಾಲೇಜಿಗೆ ಕಳಿಸಬಹುದಾದ ಕಾಲ ಅದು.

ಸಂಬಳ ಸಂಪತ್ತಾಗುವುದು ಮಾತ್ರ ಮನೆಯಲ್ಲಿ. ಅಮೆರಿಕದ ಮಧ್ಯಮವರ್ಗದ ಕಥೆಯನ್ನು ಸಂಬಳದ ಲೆಕ್ಕದಲ್ಲಷ್ಟೇ ಹೇಳಿ ನಿಲ್ಲಿಸುವವರು ಅರ್ಧ ಕಥೆ ಹೇಳಿದ ಹಾಗೆ. 1930ಕ್ಕೆ ಮೊದಲು ಅಲ್ಲಿ ಗೃಹಸಾಲ ಪಡೆಯುವವರು ಮನೆ ಬೆಲೆಯ ಅರ್ಧದಷ್ಟನ್ನು ಕೈಯಿಂದ ಹಾಕಿ, ಉಳಿದದ್ದನ್ನು ಐದಾರು, ಹೆಚ್ಚೆಂದರೆ ಹತ್ತು ವರ್ಷದಲ್ಲಿ ತೀರಿಸಬೇಕಿತ್ತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಚ್‌ಎ, ಬ್ಯಾಂಕುಗಳ ಸಾಲಕ್ಕೆ ಸರ್ಕಾರದ ವಿಮೆ ಒದಗಿಸಿತು. ಮುಂಗಡ ಹಣ ಐದನೇ ಒಂದು ಭಾಗಕ್ಕೆ, ಆಮೇಲೆ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ತೀರಿಸುವ ಅವಧಿ ಇಪ್ಪತ್ತು, ಇಪ್ಪತ್ತೈದು ವರ್ಷಕ್ಕೆ ಏರಿತು. 1944ರ ಕಾಯ್ದೆ ಯುದ್ಧದಿಂದ ಮರಳಿದ ಸೈನಿಕರಿಗೂ ಇಂಥದೇ ಸವಲತ್ತು ಕೊಟ್ಟಿತು. 1940ರಲ್ಲಿ ನೂರಕ್ಕೆ 44 ಕುಟುಂಬಗಳಿಗೆ ಸ್ವಂತ ಮನೆಯಿತ್ತು, 1960ಕ್ಕೆ 62.

ಆದರೆ ಈ ವಿಮೆಗೆ ಒಂದು ಕರಾರಿತ್ತು. ಕರಿಯರು ವಾಸಿಸುವ ಬಡಾವಣೆ, ಅವರು ಬಂದು ಸೇರಬಹುದಾದ ಬಡಾವಣೆ ‘ಅಪಾಯಕಾರಿ’ ಎಂದು ಸರ್ಕಾರವೇ ಗುರುತಿಸಿತ್ತು. ಗೃಹಸಾಲ ಪರಿಹಾರಕ್ಕೆಂದು 1933ರಲ್ಲಿ ಸ್ಥಾಪನೆಯಾದ ನಿಗಮದ ನಕ್ಷೆಗಳಲ್ಲಿ ಅಂಥ ಜಾಗಗಳಿಗೆ ಕೆಂಪು ಬಳಿಯಲಾಗಿತ್ತು. ಕಾಗದದ ಮೇಲಿನ ಈ ಗೆರೆ ಡೆಟ್ರಾಯಿಟ್‌ನ ಎಯ್ಟ್ ಮೈಲ್ ರಸ್ತೆಯ ಬಳಿ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. 1920ರ ದಶಕದಿಂದ ಅಲ್ಲಿ ಕರಿಯರ ಕುಟುಂಬಗಳು ಜಾಗ ಕೊಂಡು ಮನೆ ಕಟ್ಟಿಕೊಂಡಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಬಿಳಿಯರಿಗೆ ಮನೆ ಕಟ್ಟಿಸಲು ಹೊರಟ ಬಿಲ್ಡರ್‌ಗೆ ಎಫ್‌ಎಚ್‌ಎ ವಿಮೆ ನಿರಾಕರಿಸಿತು. ಅವನು ಕಂಡುಕೊಂಡ ಉಪಾಯ ಒಂದು ಗೋಡೆ. 1941ರಲ್ಲಿ ಎರಡು ವಸತಿಗಳ ನಡುವೆ ಆರಡಿ ಎತ್ತರದ, ಒಂದಡಿ ದಪ್ಪದ ಕಾಂಕ್ರೀಟ್ ಗೋಡೆ ಸುಮಾರು ಅರ್ಧ ಮೈಲಿ ಉದ್ದಕ್ಕೆ ಎದ್ದಿತು. ಎದ್ದ ಮೇಲೆ ವಿಮೆಯೂ ಮಂಜೂರಾಯಿತು. ಕಳ್ಳನನ್ನಾಗಲಿ ಪ್ರವಾಹವನ್ನಾಗಲಿ ಆ ಗೋಡೆ ತಡೆಯುತ್ತಿರಲಿಲ್ಲ, ತಡೆಯಬೇಕೆಂಬ ಉದ್ದೇಶವೂ ಇರಲಿಲ್ಲ. ಬ್ಯಾಂಕಿನ ಕಡತದಲ್ಲಿ ‘ಇದು ಬೇರೆ, ಅದು ಬೇರೆ’ ಎಂದು ತೋರಿಸಿದರೆ ಸಾಕಿತ್ತು. ಒಂದೇ ಕಾರ್ಖಾನೆಯಲ್ಲಿ ದುಡಿದು ಬಂದ ಇಬ್ಬರಲ್ಲಿ ಗೋಡೆಯ ಒಂದು ಬದಿಯವನಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ, ಇನ್ನೊಂದು ಬದಿಯವನಿಗೆ ಬಾಗಿಲು ಬಂದ್. 2006ರಲ್ಲಿ ಅಲ್ಲಿನ ನಿವಾಸಿಗಳೂ ಕಲಾವಿದರೂ ಸೇರಿ ಆ ಗೋಡೆಯ ಒಂದು ಭಾಗಕ್ಕೆ ಚಿತ್ರ ಬರೆದಿದ್ದಾರೆ. ಅದರೆದುರು ಈಗ ಮಕ್ಕಳ ಆಟದ ಬಯಲಿದೆ.

ಡೆಟ್ರಾಯಿಟ್ ಹಾಳಾದದ್ದು 1967ರ ಗಲಭೆಯಿಂದ, ಇಲ್ಲವೇ ಜಪಾನಿ ಕಾರುಗಳಿಂದ ಎಂದು ಹೇಳುವುದು ವಾಡಿಕೆ. ಆ ಜುಲೈನಲ್ಲಿ 43 ಮಂದಿ ಸತ್ತದ್ದು ನಿಜ, ಅದರ ಬಳಿಕ ಬಿಳಿಯರು ಗುಂಪುಗುಂಪಾಗಿ ಊರು ಬಿಟ್ಟದ್ದೂ ನಿಜ. ಆದರೆ ಅದಕ್ಕೂ ಮುಂಚೆ, 1947ರಿಂದ 1963ರೊಳಗೆ, ಆ ನಗರ 1,34,000 ಕಾರ್ಖಾನೆ ಕೆಲಸಗಳನ್ನು ಕಳೆದುಕೊಂಡಿತ್ತು. ಇತಿಹಾಸಕಾರ ಥಾಮಸ್ ಸಗ್ರೂ ಬಹಳ ಹಿಂದೆಯೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಕಂಪನಿಗಳು ಅಗ್ಗದ ಜಮೀನು, ಸಂಘವಿಲ್ಲದ ಕೆಲಸಗಾರರನ್ನು ಹುಡುಕಿ ಹೊರವಲಯಕ್ಕೆ, ದಕ್ಷಿಣದ ರಾಜ್ಯಗಳಿಗೆ ಹೋದವು. ಸಾಲ ಸಿಕ್ಕವರು ಹೊಸ ಹೆದ್ದಾರಿ ಹಿಡಿದು ಕೆಲಸದ ಹಿಂದೆಯೇ ಹೋದರು. ಸಾಲ ಸಿಗದವರು ಅಲ್ಲೇ ಉಳಿದರು. ಅವರ ವಸತಿಯ ಮೇಲೆಯೇ ಆ ಹೆದ್ದಾರಿ ಹಾದುಹೋಯಿತು. ಬ್ಲ್ಯಾಕ್ ಬಾಟಮ್ ಎಂಬ ಹಳೆಯ ಬಡಾವಣೆ, ಅದರ ಹೇಸ್ಟಿಂಗ್ಸ್ ಬೀದಿಯ ಅಂಗಡಿಗಳು, ಸಂಗೀತದ ಕ್ಲಬ್ಬುಗಳು ನೆಲಸಮವಾದವು.

ಮನೆ ಮಾರಾಟದಲ್ಲಿ ತಾರತಮ್ಯ ನಿಷೇಧಿಸುವ ಕಾಯ್ದೆ 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ ಬಂತು. ಅಷ್ಟರಲ್ಲಿ ಗೋಡೆಯ ಕೆಲಸವನ್ನು ಊರಿನ ಗಡಿರೇಖೆಯೇ ಮಾಡತೊಡಗಿತ್ತು. ಶಾಲೆಗಳು ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯಲ್ಲಿ ನಡೆಯುತ್ತಿದ್ದ ಕಾಲ ಅದು. ಮನೆ ಬೆಲೆ ಏರಿದ ಊರಿನ ಶಾಲೆಗೆ ಹಣ, ಇಳಿದ ಊರಿನ ಶಾಲೆಗೆ ಕೊರತೆ. ಡೆಟ್ರಾಯಿಟ್ ಮತ್ತು ಸುತ್ತಲ ಊರುಗಳ ಮಕ್ಕಳನ್ನು ಒಟ್ಟಿಗೆ ಓದಿಸುವ ಯೋಜನೆಯನ್ನು 1974ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ತಳ್ಳಿಹಾಕಿತು. ನನ್ನ ಮಟ್ಟಿಗೆ, ಆ ದೇಶದ ಅಸಮಾನತೆಗೆ ಬಿಗಿಯಾದ ಬೀಗ ಬಿದ್ದದ್ದು ಆ ದಿನ.

1965ರ ವಲಸೆ ಕಾಯ್ದೆಯ ನಂತರ ಅಮೆರಿಕಕ್ಕೆ ಹೋದ ನಮ್ಮ ಎಂಜಿನಿಯರುಗಳಲ್ಲಿ ಅನೇಕರು ಇಳಿದದ್ದು ಇದೇ ಸೀಮೆಯಲ್ಲಿ, ಇದೇ ಕಾರು ಕಂಪನಿಗಳಲ್ಲಿ. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಮುಂತಾದ ಹೊರವಲಯದ ಊರುಗಳಲ್ಲಿ ಮನೆ ನೋಡುವಾಗ ಮೊದಲು ಬರುವ ಪ್ರಶ್ನೆ ‘ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು?’ ಮಕ್ಕಳ ಓದಿಗಾಗಿ ಕೇಳುವ ಸಹಜ ಪ್ರಶ್ನೆಯೇ ಅದು. ಆದರೆ ಆ ಪ್ರಶ್ನೆಗೆ ಸಿಗುವ ಉತ್ತರ ನಮ್ಮವರು ಅಲ್ಲಿಗೆ ಕಾಲಿಡುವ ಮುಂಚೆಯೇ ನಕ್ಷೆಯ ಮೇಲೆ ಬರೆದಿಟ್ಟದ್ದು.

1980ರ ನಂತರ ಇಡೀ ದೇಶ ಡೆಟ್ರಾಯಿಟ್ ಹಿಡಿದ ಅಸಮಾನತೆಯ ದಿಕ್ಕಿಗೇ ತಿರುಗಿತು. 1981ರಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ವಜಾ ಮಾಡಿದರು. ಶೇಕಡ 70 ಇದ್ದ ಗರಿಷ್ಠ ಆದಾಯ ತೆರಿಗೆ 1988ರ ಹೊತ್ತಿಗೆ ಶೇಕಡ 28ಕ್ಕೆ ಇಳಿಯಿತು. 1950ರ ದಶಕದಲ್ಲಿ ಮೂವರಲ್ಲಿ ಒಬ್ಬ ಕೆಲಸಗಾರ ಸಂಘದಲ್ಲಿದ್ದರೆ ಈಗ ಹತ್ತರಲ್ಲಿ ಒಬ್ಬ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಲೆಕ್ಕದ ಪ್ರಕಾರ, 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 90 ಮಂದಿ ತಮ್ಮ ತಂದೆತಾಯಿಗಿಂತ ಹೆಚ್ಚು ಗಳಿಸಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಅದು ಅರ್ಧಕ್ಕರ್ಧ. ಈ ಅವಧಿಯಲ್ಲಿ ದೇಶದ ಉತ್ಪನ್ನವೇನೂ ಕುಗ್ಗಿರಲಿಲ್ಲ, ಬೆಳೆಯುತ್ತಲೇ ಇತ್ತು. ಹಂಚಿಕೆಯ ಕರಾರು ಹರಿದುಹೋಗಿತ್ತು, ಅಷ್ಟೇ. ಡೆಟ್ರಾಯಿಟ್ ಸಂಧಿಗೆ ಸಹಿ ಬಿದ್ದ ಹಾಗೆ ಅದನ್ನು ಬಿಚ್ಚುವುದಕ್ಕೂ ಒಂದೊಂದಾಗಿ ಸಹಿಗಳು ಬಿದ್ದವು. ಅಸಮಾನತೆಯನ್ನು ಮಳೆಗಾಲದ ಹಾಗೆ ತಾನಾಗಿ ಬಂದದ್ದೆಂದು ವಿವರಿಸುವವರನ್ನು ನಾನು ಒಪ್ಪಲಾರೆ.

1950ರಲ್ಲಿ 18.5 ಲಕ್ಷ ಜನರಿದ್ದ ಡೆಟ್ರಾಯಿಟ್‌ನಲ್ಲಿ 2020ರಲ್ಲಿ ಉಳಿದವರು 6.39 ಲಕ್ಷ. 2013ರಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಮನೆಗಳ ಬೆಲೆ ನೆಲಕಚ್ಚಿದರೂ ಹಳೆಯ ಬೆಲೆಯ ಮೇಲೆಯೇ ಆಸ್ತಿ ತೆರಿಗೆ ವಸೂಲಿ ನಡೆದಿತ್ತು. 2010ರಿಂದ 2016ರವರೆಗೆ ಹೀಗೆ ಹೆಚ್ಚುವರಿಯಾಗಿ ಹೇರಿದ್ದು ಕನಿಷ್ಠ 60 ಕೋಟಿ ಡಾಲರ್ ಎಂದು ‘ಡೆಟ್ರಾಯಿಟ್ ನ್ಯೂಸ್’ ಪತ್ರಿಕೆ 2020ರಲ್ಲಿ ಬಯಲು ಮಾಡಿತು. ಕಟ್ಟಲಾಗದವರ ಮನೆಗಳು ಹರಾಜಿಗೆ ಬಂದವು, ಕೆಲವಕ್ಕೆ ಆರಂಭದ ಕೂಗು 500 ಡಾಲರ್. ಅಜ್ಜ ಹೇಗೋ ಹಣ ಹೊಂದಿಸಿ ಕೊಂಡ ಮನೆ ಮೊಮ್ಮಗಳ ಕೈಗೆ ಬಾರದೆ ಹೋಗುವುದು ಹೀಗೆ. 2022ರಲ್ಲಿ ಫೆಡರಲ್ ರಿಸರ್ವ್ ನಡೆಸಿದ ಸಮೀಕ್ಷೆಯಲ್ಲಿ ನಟ್ಟನಡುವಿನ ಬಿಳಿಯ ಕುಟುಂಬದ ಸಂಪತ್ತು 2,85,000 ಡಾಲರ್, ಕರಿಯ ಕುಟುಂಬದ್ದು 44,900.

ಇತ್ತ ಕಾರ್ಖಾನೆಯೊಳಗೆ, ಸಂಘದ ಜೊತೆಗಿನ 2007ರ ಒಪ್ಪಂದದಲ್ಲಿ ಕಾರು ಕಂಪನಿಗಳು ಇಬ್ಬಗೆ ಸಂಬಳ ತಂದವು. ಒಂದೇ ಲೈನಿನಲ್ಲಿ ಅಕ್ಕಪಕ್ಕ ನಿಂತು ಅದೇ ಕೆಲಸ ಮಾಡುವವರಲ್ಲಿ ಹಳಬನಿಗೆ ಗಂಟೆಗೆ 28 ಡಾಲರ್ ಆಸುಪಾಸು, ಹೊಸಬನಿಗೆ ಅದರ ಅರ್ಧ. 2009ರಲ್ಲಿ ತುಟ್ಟಿಭತ್ಯೆಯೂ ಹೋಯಿತು. ಅದನ್ನು ಮರಳಿ ಪಡೆಯಲು 2023ರ ಸೆಪ್ಟೆಂಬರ್ 15ರಂದು ಸಂಘ ಮೂರೂ ದೊಡ್ಡ ಕಂಪನಿಗಳ ವಿರುದ್ಧ ಏಕಕಾಲಕ್ಕೆ ಮುಷ್ಕರ ಹೂಡಿತು. ಸುಮಾರು ಆರು ವಾರಗಳಲ್ಲಿ ಶೇಕಡ 25ರ ಏರಿಕೆಗೂ ತುಟ್ಟಿಭತ್ಯೆಗೂ ಕಂಪನಿಗಳು ಒಪ್ಪಿದವು, ಇಬ್ಬಗೆ ಸಂಬಳವೂ ಬಹುಮಟ್ಟಿಗೆ ಹೋಯಿತು. ಈ ಒಪ್ಪಂದದ ಆಸರೆಗೆ ಬಂದವರು ಒಂದೂವರೆ ಲಕ್ಷದಷ್ಟು ಮಂದಿ. ಗೋದಾಮಿನಲ್ಲಿ ಪೊಟ್ಟಣ ಕಟ್ಟುವವರಿಗೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವರಿಗೆ ಬಹುತೇಕ ಕಡೆ ಅಂಥ ಯಾವ ಕಾಗದವೂ ಇಲ್ಲ. ಫೆಡರಲ್ ಕನಿಷ್ಠ ಕೂಲಿ 2009ರ ಜುಲೈನಿಂದ ಗಂಟೆಗೆ 7 ಡಾಲರ್ 25 ಸೆಂಟ್‌ನಲ್ಲೇ ನಿಂತಿದೆ.