ಭರದ್ವಾಜರ ಹೆಸರಲ್ಲಿ ಹಾರದ ವಿಮಾನ

ಇಸ್ರೋ ಒಂದು ರಾಕೆಟ್ ಹಾರಿಸಿದರೆ ಸಾಕು, ಸಂಜೆಯೊಳಗೆ ಆ ಸಂದೇಶ ಮೊಬೈಲಿಗೆ ಬಂದು ಬೀಳುತ್ತದೆ. ಭರದ್ವಾಜ ಮಹರ್ಷಿಗಳು ಏಳು ಸಾವಿರ ವರ್ಷಗಳ ಹಿಂದೆಯೇ ‘ವೈಮಾನಿಕ ಶಾಸ್ತ್ರ’ ಬರೆದಿದ್ದರಂತೆ, ಅದರಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವ ವಿಮಾನಗಳ ವಿವರ ಇದೆಯಂತೆ, ಜರ್ಮನರು ಅದನ್ನು ಕದ್ದು ರಾಕೆಟ್ ಮಾಡಿದರಂತೆ, ನಾಸಾ ಈಗಲೂ ಅದನ್ನೇ ಓದುತ್ತಿದೆಯಂತೆ. ಕಳಿಸುವವರು ಓದು ಬರಹ ಬಲ್ಲವರು, ಎಂಜಿನಿಯರುಗಳು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ನನ್ನ ಜತೆ ಬಿಸಿಲಲ್ಲಿ ನಿಂತು ಕತ್ತೆತ್ತಿ ನೋಡುವ ಗೆಳೆಯರೂ ಅವರಲ್ಲಿದ್ದಾರೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ವಿಮಾನವನ್ನು ಪ್ರೀತಿಸುವವರೇ ವಿಮಾನ ಹೇಗೆ ಹಾರುತ್ತದೆಂದು ಕೇಳುವುದನ್ನು ಬಿಟ್ಟರೆ ಇನ್ನು ಯಾರು ಕೇಳಬೇಕು?

ಈ ವಿಷಯದಲ್ಲಿ ಕನ್ನಡಿಗರ ಹೊಣೆ ಉಳಿದವರಿಗಿಂತ ಹೆಚ್ಚು. ಆ ಗ್ರಂಥದ ಶ್ಲೋಕಗಳನ್ನು ಹೇಳಿದವರು ಬೆಂಗಳೂರಿನ ಪಕ್ಕದ ಆನೇಕಲ್‌ನಲ್ಲಿದ್ದವರು. ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಲೋಕಕ್ಕೆ ಹಂಚಿದ ಊರು ಮೈಸೂರು. ಅದರೊಳಗೆ ಏನೂ ಇಲ್ಲವೆಂದು ಲೆಕ್ಕ ಹಾಕಿ ತೋರಿಸಿದ್ದೂ ಬೆಂಗಳೂರೇ. ಈ ಮೂರನೆಯ ಸಂಗತಿ ಮಾತ್ರ ಯಾವ ಸಂದೇಶದಲ್ಲೂ ಬರುವುದಿಲ್ಲ.

ನಡೆದದ್ದು ಇಷ್ಟು. ಪಂಡಿತ ಸುಬ್ಬರಾಯ ಶಾಸ್ತ್ರಿ ಎಂಬವರು 1918ರಿಂದ 1923ರವರೆಗೆ ಶ್ಲೋಕಗಳನ್ನು ಬಾಯಲ್ಲಿ ಹೇಳುತ್ತ ಹೋದರು, ಜಿ. ವೆಂಕಟಾಚಲ ಶರ್ಮ ಬರೆದುಕೊಂಡರು. ಬೆಂಗಳೂರಿನ ಟಿ.ಕೆ. ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಶಾಸ್ತ್ರಿಗಳು ಹೇಳಿದಂತೆ ವಿಮಾನಗಳ ನಕ್ಷೆ ಬರೆದುಕೊಟ್ಟರು. ಶಾಸ್ತ್ರಿಗಳು ತೀರಿಕೊಂಡ ಮೇಲೆ ಕೈಬರಹದ ಪ್ರತಿಗಳು ಉಳಿದವು. 1959ರಲ್ಲಿ ಹಿಂದಿಯಲ್ಲಿ ಒಂದು ಆವೃತ್ತಿ ಬಂತು, ಮೈಸೂರಿನ ಜಿ.ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ನಾವು ಇಂದು ನೋಡುವ ಚಿತ್ರಗಳು, ಆ ಗೋಪುರದಂಥ ‘ರುಕ್ಮ ವಿಮಾನ’, ರೆಕ್ಕೆ ಬಾಲಗಳ ‘ಶಕುನ ವಿಮಾನ’, ಎಲ್ಲ ಎಲ್ಲಪ್ಪನವರ ಕೈಯವು. ಏಳು ಸಾವಿರ ವರ್ಷ ಹಳೆಯದೆಂದು ಹಂಚಿಕೊಳ್ಳುವ ಚಿತ್ರಕ್ಕೆ ನೂರು ಚಿಲ್ಲರೆ ವರ್ಷವಷ್ಟೇ ಆಗಿದೆ.

ಶಾಸ್ತ್ರಿಗಳನ್ನು ಮೋಸಗಾರರೆಂದು ನಾನು ಕರೆಯುವುದಿಲ್ಲ, ಹಾಗೆ ಕರೆಯಲು ಆಧಾರವಿಲ್ಲ. ತಮ್ಮ ಬಾಯಿಂದ ಬಂದದ್ದನ್ನು ಅವರು ನಂಬಿದ್ದಿರಬಹುದು. ಆದರೆ ಅವರು ಹೇಳುತ್ತಿದ್ದ ಕಾಲ ಯಾವುದು? 1911ರಲ್ಲೇ ಅಲಹಾಬಾದಿನಿಂದ ನೈನಿಗೆ ವಿಮಾನದಲ್ಲಿ ಅಂಚೆ ಹೋಗಿತ್ತು. ಮೊದಲ ಮಹಾಯುದ್ಧದ ವಿಮಾನಗಳ ಸುದ್ದಿ ಪತ್ರಿಕೆಗಳ ತುಂಬ ಇತ್ತು. ವಿಮಾನ ಎಂಬುದು ಆಗ ಜಗತ್ತಿನ ಅತಿ ದೊಡ್ಡ ಬೆರಗು. ಅಂಥ ಹೊತ್ತಿನಲ್ಲಿ ಹುಟ್ಟಿದ ಶ್ಲೋಕಗಳಲ್ಲಿ ಆ ಹೊತ್ತಿನ ಯಂತ್ರಗಳ ನೆರಳು ಬಿದ್ದಿರುವುದರಲ್ಲಿ ಆಶ್ಚರ್ಯವೇನು?

ಪ್ರಾಚೀನ ಶಾಸ್ತ್ರವೊಂದು ನಿಜವಾಗಿ ಇದ್ದಿದ್ದರೆ ಅದು ಹೇಗಿರುತ್ತಿತ್ತೆಂದು ನಮಗೆ ಗೊತ್ತು, ಯಾಕೆಂದರೆ ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ಆರ್ಯಭಟ 499ರ ಸುಮಾರಿಗೆ ‘ಆರ್ಯಭಟೀಯ’ ಬರೆದ. 628ರಲ್ಲಿ ಬ್ರಹ್ಮಗುಪ್ತ ಅವನ ಮೇಲೆ ಕಟುವಾಗಿ ಹರಿಹಾಯ್ದ. ಮರುವರ್ಷ ಒಂದನೆಯ ಭಾಸ್ಕರ ಆರ್ಯಭಟನ ಪರವಾಗಿ ಭಾಷ್ಯ ಬರೆದ. ಸಾವಿರ ವರ್ಷ ಕಳೆದರೂ ಕೇರಳದ ನೀಲಕಂಠ ಸೋಮಯಾಜಿ ಅದೇ ಗ್ರಂಥವನ್ನು ಮುಂದಿಟ್ಟುಕೊಂಡು ಭಾಷ್ಯ ಬರೆಯುತ್ತಿದ್ದ. ಶಾಸ್ತ್ರವೆಂದರೆ ಹೀಗೆ: ಒಬ್ಬ ಹೇಳಿದ್ದನ್ನು ಇನ್ನೊಬ್ಬ ಖಂಡಿಸುತ್ತಾನೆ, ಮತ್ತೊಬ್ಬ ತಿದ್ದುತ್ತಾನೆ, ಓಲೆಗರಿಗಳು ಊರೂರಿಗೆ ಹೋಗುತ್ತವೆ. ವೈಮಾನಿಕ ಶಾಸ್ತ್ರಕ್ಕೆ ಒಬ್ಬ ಭಾಷ್ಯಕಾರನಿಲ್ಲ, ಒಬ್ಬ ವಿರೋಧಿಯಿಲ್ಲ. 1918ಕ್ಕೆ ಹಿಂದಿನ ಒಂದು ಓಲೆಗರಿಯನ್ನೂ ಯಾರೂ ತೋರಿಸಿಲ್ಲ.

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳ ಐವರು ಈ ಪುಸ್ತಕವನ್ನು ಗಂಭೀರವಾಗಿ ಕೈಗೆತ್ತಿಕೊಂಡರು: ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು. ಓದದೆ ತಳ್ಳಿಹಾಕಿದರೆಂದು ಅವರನ್ನು ದೂರುವಂತಿಲ್ಲ. ಅವರು ಸಂಸ್ಕೃತವನ್ನು ಪರಿಶೀಲಿಸಿದರು. ಅದು ವೇದಕಾಲದ ಭಾಷೆಯಲ್ಲ, ಸರಳವಾದ ಇತ್ತೀಚಿನ ಸಂಸ್ಕೃತ ಎಂದು ಕಂಡುಕೊಂಡರು. ಗ್ರಂಥದ ಕಾಲ ಇಪ್ಪತ್ತನೆಯ ಶತಮಾನದ ಆರಂಭಕ್ಕಿಂತ ಹಿಂದೆ ಹೋಗುವುದಿಲ್ಲವೆಂದು ತೀರ್ಮಾನಿಸಿದರು. ಆಮೇಲೆ ಒಂದೊಂದು ವಿಮಾನವನ್ನೂ ಎಂಜಿನಿಯರರ ಕಣ್ಣಿನಿಂದ ನೋಡಿದರು. ನಕ್ಷೆಗಳಲ್ಲಿ ಸಿಲಿಂಡರ್, ಪಿಸ್ಟನ್, ಪಂಪುಗಳಂಥ ಆಧುನಿಕ ಯಂತ್ರಭಾಗಗಳಿದ್ದವು. ಹಾರುವುದಕ್ಕೆ ಬೇಕಾದ ಆಕಾರ ಯಾವುದಕ್ಕೂ ಇರಲಿಲ್ಲ. ಮೇಲಿನಿಂದ ಗಾಳಿ ಹೀರಿ ಕೆಳಗೆ ತಳ್ಳುವ ರುಕ್ಮ ವಿಮಾನದಲ್ಲಿ ಮಾತ್ರ ಏನೋ ಒಂದು ಅರ್ಥವಿರುವ ಯೋಚನೆ ಕಂಡಿತು, ಅದೂ ಹಾರುವ ಮಟ್ಟಕ್ಕೆ ಬರಲಿಲ್ಲ.

ಈ ಐವರು ನಮ್ಮ ಸಂಸ್ಕೃತಿಯ ದ್ವೇಷಿಗಳು ಎನ್ನುವವರು ಒಂದು ಹೆಸರನ್ನು ಗಮನಿಸಬೇಕು. ಅವರಲ್ಲೊಬ್ಬರಾದ ಎಚ್.ಆರ್. ನಾಗೇಂದ್ರ ಮುಂದೆ ಯೋಗಕ್ಕೇ ಜೀವನ ಮುಡಿಪಿಟ್ಟು ಎಸ್-ವ್ಯಾಸ ವಿಶ್ವವಿದ್ಯಾಲಯ ಕಟ್ಟಿದರು. ಅದರ ಪ್ರಶಾಂತಿ ಕುಟೀರ ಇರುವುದು ಜಿಗಣಿಯಲ್ಲಿ, ಆನೇಕಲ್ ತಾಲ್ಲೂಕಿನಲ್ಲೇ. ಪರಂಪರೆಯ ಮೇಲಿನ ಗೌರವವೂ ಸುಳ್ಳು ಲೆಕ್ಕವನ್ನು ಸುಳ್ಳೆನ್ನುವ ಧೈರ್ಯವೂ ಒಬ್ಬರಲ್ಲೇ ಇರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶಕುನ ವಿಮಾನದ ಚಿತ್ರ ನೋಡಿದವರಿಗೆ, ರೆಕ್ಕೆ ಬಡಿಯುವ ದೊಡ್ಡ ವಿಮಾನ ಯಾಕೆ ಆಗದೆಂದು ತಿಳಿಯಲು ಸಂಸ್ಕೃತವೂ ಬೇಡ. ಒಂದು ಹಕ್ಕಿಯನ್ನು ಎಲ್ಲ ಕಡೆಯಿಂದಲೂ ಎರಡು ಪಟ್ಟು ದೊಡ್ಡದು ಮಾಡಿದರೆ ರೆಕ್ಕೆಯ ವಿಸ್ತೀರ್ಣ 4 ಪಟ್ಟಾಗುತ್ತದೆ, ತೂಕ 8 ಪಟ್ಟಾಗುತ್ತದೆ. ಪ್ರಕೃತಿಯೇ ಈ ಲೆಕ್ಕಕ್ಕೆ ಸೋತಿದೆ: ನಮ್ಮ ಎರೆಭೂತ ಹಕ್ಕಿಯ ಆಫ್ರಿಕದ ಬಂಧು ಕೋರಿ ಬಸ್ಟರ್ಡ್ ಹಾರುವ ಹಕ್ಕಿಗಳಲ್ಲೇ ಅತಿ ಭಾರದ್ದರಲ್ಲಿ ಒಂದು, ಅದೂ ಇಪ್ಪತ್ತು ಕಿಲೋ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ರೈಟ್ ಸಹೋದರರು ಗೆದ್ದದ್ದು ರೆಕ್ಕೆ ಬಡಿಯುವ ಆಸೆಯನ್ನು ಬಿಟ್ಟು, ಸ್ಥಿರ ರೆಕ್ಕೆ, ತಳ್ಳುವ ಎಂಜಿನ್, ಸಮತೋಲ, ಈ ಮೂರನ್ನೂ ಬೇರೆ ಬೇರೆ ಸಮಸ್ಯೆಗಳೆಂದು ನೋಡಿದ್ದರಿಂದ. 1901ರಲ್ಲಿ ಹಳೆಯ ಕೋಷ್ಟಕಗಳ ಅಂಕಿಗಳು ತಾಳೆಯಾಗದಿದ್ದಾಗ ಅವರೇ ಗಾಳಿಸುರಂಗ ಕಟ್ಟಿ ಸುಮಾರು 200 ರೆಕ್ಕೆಗಳ ಆಕಾರ ಪರೀಕ್ಷಿಸಿದರು. ಮರುವರ್ಷ ಗ್ಲೈಡರಿನಲ್ಲಿ ಹತ್ತಿರ ಹತ್ತಿರ ಸಾವಿರ ಸಲ ತೇಲಿದರು. ಇಷ್ಟೆಲ್ಲ ಆದಮೇಲೆ 1903ರ ಡಿಸೆಂಬರ್ 17ರಂದು ಅವರಿಗೆ ಮೊದಲು ಸಿಕ್ಕಿದ್ದು 12 ಸೆಕೆಂಡಿನ ಹಾರಾಟ, ಸುಮಾರು 36 ಮೀಟರ್ ದೂರ. ಹಾರುವುದು ಅಷ್ಟು ಕಷ್ಟ.

ಇಲ್ಲಿಗೆ ಬಂದಾಗ ಮಾತು ಶಿವಕರ ಬಾಪೂಜಿ ತಳಪದೆಯವರ ಕಡೆ ತಿರುಗುತ್ತದೆ. 1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಅವರು ವೈಮಾನಿಕ ಶಾಸ್ತ್ರ ಓದಿ ವಿಮಾನ ಹಾರಿಸಿದರಂತೆ. 1918ರಲ್ಲಿ ಹೇಳಲು ಶುರುಮಾಡಿದ ಪುಸ್ತಕವನ್ನು 1895ರಲ್ಲಿ ಓದುವುದು ಹೇಗೆಂದು ಕೇಳಿದರೆ ಉತ್ತರವಿಲ್ಲ. ಆ ಹಾರಾಟಕ್ಕೆ ನಂಬಲರ್ಹ ಸಮಕಾಲೀನ ದಾಖಲೆ ಸಿಕ್ಕಿಲ್ಲ. ಮನುಷ್ಯನಿಲ್ಲದ ಮಾದರಿಯೊಂದು ಹಾರಿತ್ತೆಂದೇ ಒಪ್ಪಿದರೂ ಅದು ರೈಟರನ್ನು ಹಿಂದೆ ಹಾಕಿದಂತಲ್ಲ: ಫ್ರಾನ್ಸಿನ ಪೆನೊ 1871ರಲ್ಲೇ ರಬ್ಬರ್ ಸುರುಳಿಯ ಪುಟ್ಟ ಮಾದರಿ ಹಾರಿಸಿದ್ದ, ಅಮೆರಿಕದ ಲ್ಯಾಂಗ್ಲಿ 1896ರಲ್ಲಿ ಉಗಿ ಎಂಜಿನ್ನಿನ ಮಾದರಿಯನ್ನು ಸಾಕ್ಷಿಗಳ ಮುಂದೆ ಸುಮಾರು ಒಂದು ಕಿಲೋಮೀಟರ್ ಹಾರಿಸಿದ್ದ. ತಳಪದೆ ಮುಂದೆ ಸುಬ್ಬರಾಯ ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಲು ಯತ್ನಿಸಿದರೂ ಅವು ಹಾರಲಿಲ್ಲವೆಂದು ಅದೇ 1974ರ ವರದಿ ದಾಖಲಿಸಿದೆ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ವರದಿ ಏನು ಮಾಡೀತು? 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲೇ, ಆ ಹೊತ್ತಿಗೆ ನಲವತ್ತು ವರ್ಷ ಹಳೆಯದಾಗಿದ್ದ ಈ ವಿಮರ್ಶೆಯನ್ನು ಬದಿಗೊತ್ತಿ, ಗ್ರಹದಿಂದ ಗ್ರಹಕ್ಕೆ ಹಾರುವ ಪ್ರಾಚೀನ ವಿಮಾನಗಳ ಪ್ರಬಂಧ ಮಂಡನೆಯಾಯಿತು.

ಪ್ರಾಚೀನ ವಿಮಾನಗಳು ಪಾದರಸದಿಂದ ಹಾರುತ್ತಿದ್ದವು, ನಾಸಾ ಬಳಸಿದ್ದೂ ಅದನ್ನೇ ಎಂಬ ವಾದ ಇನ್ನೂ ಮೋಸದ್ದು, ಯಾಕೆಂದರೆ ಅದರಲ್ಲಿ ಒಂದು ಚೂರು ನಿಜವಿದೆ. ನಾಸಾ 1964ರಲ್ಲಿ ಪಾದರಸ ಬಳಸುವ ಅಯಾನ್ ಎಂಜಿನನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸಿದ್ದು ಹೌದು. 1970ರ ಸರ್ಟ್-2 ಉಪಗ್ರಹದ ಅಂಥ ಎಂಜಿನ್ ಒಂದರ ನೂಕುಬಲ ಸುಮಾರು 28 ಮಿಲಿನ್ಯೂಟನ್, ಅಂದರೆ ಭೂಮಿಯ ಮೇಲೆ ಮೂರು ಗ್ರಾಂ ತೂಕದ ವಸ್ತುವನ್ನು ಎತ್ತಿಹಿಡಿಯುವಷ್ಟು. ಗಾಳಿಯ ತಡೆಯಿಲ್ಲದ ಕಕ್ಷೆಯಲ್ಲಿ ತಿಂಗಳುಗಟ್ಟಲೆ ನೂಕಿದರೆ ಮಾತ್ರ ಅದರಿಂದ ಉಪಯೋಗ. ನೆಲದಿಂದ ಒಂದು ಬೆಂಕಿಪೊಟ್ಟಣವನ್ನೂ ಮೇಲೆತ್ತಲು ಅದರಿಂದಾಗದು. ಮುಂದೆ ಹೆಚ್ಚಿನವರು ಪಾದರಸ ಬಿಟ್ಟು ಜೆನಾನ್ ಅನಿಲಕ್ಕೆ ಬಂದರು, 2017ರ ಜಿಸ್ಯಾಟ್-9ರಲ್ಲಿ ನಮ್ಮ ಇಸ್ರೋ ಕೂಡ.

ಜರ್ಮನರು ಕದ್ದರೆಂಬುದಕ್ಕೆ ಉತ್ತರವಾಗಿ ಒಂದೇ ವರ್ಷ ಸಾಕು: 1923. ಶಾಸ್ತ್ರಿಗಳು ಹೇಳಿ ಮುಗಿಸಿದ ಅದೇ ವರ್ಷ ಹರ್ಮನ್ ಓಬರ್ಥ್ ಮ್ಯೂನಿಕ್‌ನಲ್ಲಿ ಗ್ರಹಯಾನದ ರಾಕೆಟ್ ಕುರಿತ ತನ್ನ ಪುಸ್ತಕ ಪ್ರಕಟಿಸಿದ. ಅದರ ತುಂಬ ಸಮೀಕರಣಗಳು. ಓದಿದವನು ಲೆಕ್ಕ ಹಾಕಿ ಸರಿ ತಪ್ಪು ನೋಡಬಹುದಿತ್ತು, ನೋಡಿದರು, ಜಗಳವಾಡಿದರು, ಅದರ ಬೆನ್ನಿಗೆ ಹವ್ಯಾಸಿಗಳ ಸಂಘ ಕಟ್ಟಿ ರಾಕೆಟ್ ಸುಟ್ಟರು. ಮುಂದೆ ಜರ್ಮನರ ರಾಕೆಟ್‌ಗಳನ್ನು ರೂಪಿಸಿದ ವೆರ್ನರ್ ಫಾನ್ ಬ್ರಾನ್ ಆ ಸಂಘದಿಂದಲೇ ಬಂದ. ಕದಿಯುವ ಅಗತ್ಯವೇ ಅವರಿಗೆ ಬೀಳಲಿಲ್ಲ.

ಉಳಿದವುಗಳಿಗೆ ಇಷ್ಟು ಜಾಗ ಕೊಡಲಾರೆ. ತಿರುನಳ್ಳಾರಿನ ಶನಿ ದೇವಸ್ಥಾನದ ಮೇಲೆ ಬಂದಾಗ ಉಪಗ್ರಹಗಳು ಕ್ಷಣಕಾಲ ನಿಲ್ಲುತ್ತವೆ ಎನ್ನುತ್ತಾರೆ. ಕೆಳಕಕ್ಷೆಯಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಹೋಗುವ ಉಪಗ್ರಹ ನಿಂತರೆ ಕಕ್ಷೆಯಿಂದಲೇ ಬಿದ್ದುಹೋಗುತ್ತದೆ. ದೀಪಾವಳಿ ರಾತ್ರಿಯ ಭಾರತವೆಂದು ಪ್ರತಿವರ್ಷ ಬರುವ ಬಣ್ಣದ ಚಿತ್ರ ಒಂದು ರಾತ್ರಿಯದಲ್ಲವೇ ಅಲ್ಲ, ವರ್ಷಗಳ ಅವಧಿಯಲ್ಲಿ ಊರುಗಳ ಬೆಳಕು ಹೆಚ್ಚಿದ್ದನ್ನು ತೋರಿಸಲು ಜೋಡಿಸಿದ ನಕ್ಷೆ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವಿಲ್ಲ ಎನ್ನುವವರಿಗೆ: 400 ಕಿಲೋಮೀಟರ್ ಎತ್ತರದಲ್ಲೂ ಗುರುತ್ವ ಇಲ್ಲಿನ ಶೇ. 90ರಷ್ಟಿದೆ, ಗಗನಯಾತ್ರಿಗಳು ತೇಲುವುದು ನಿಲ್ದಾಣದ ಜತೆ ತಾವೂ ಸದಾ ಬೀಳುತ್ತಿರುವುದರಿಂದ. ಚಂದ್ರನ ಮೇಲಿನ ಬಾವುಟ ಬಿಚ್ಚಿಕೊಂಡು ನಿಂತದ್ದು ಗಾಳಿಯಿಂದಲ್ಲ, ಮೇಲಂಚಿಗೆ ಹಾಕಿದ ಅಡ್ಡಸರಳಿನಿಂದ.

ಪುಷ್ಪಕ ವಿಮಾನವನ್ನು ಕಳೆದುಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ವಾಲ್ಮೀಕಿ ಮನುಷ್ಯನನ್ನು ಆಕಾಶದಲ್ಲಿ ಕೂರಿಸಿ ಕೆಳಗಿನ ಕಾಡು, ಕಡಲುಗಳನ್ನು ತೋರಿಸಿದ್ದು ಕಲ್ಪನೆಯ ದೊಡ್ಡ ಸಾಹಸ. ಅದಕ್ಕೆ ಪಿಸ್ಟನ್ನಿನ ಆಸರೆ ಬೇಕಿಲ್ಲ. ನನ್ನ ಸಂಕಟ ಬೇರೆ. 1962ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಊರು ಇದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷೆಗೊಡ್ಡಲು ಅವರು ಸಮಿತಿಯನ್ನೇ ಮಾಡಿದ್ದರು. ಇಂಥ ಊರಿನಲ್ಲಿ ‘ಪುರಾವೆ ಎಲ್ಲಿ’ ಎಂದು ಕೇಳಿದವನನ್ನು ಇಂದು ದೇಶದ ಮೇಲೆ ಅಭಿಮಾನವಿಲ್ಲದವನೆಂದು ನೋಡುತ್ತಾರೆ. ನಂಬಲು ಒಂದು ಕ್ಷಣ, ಮುಂದೆ ಕಳಿಸಲು ಒಂದು ಬೆರಳು ಸಾಕು. ಲೆಕ್ಕ ಹಾಕಲು ವರ್ಷಗಳು ಬೇಕು, ಆ ವರ್ಷಗಳನ್ನು ಸವೆಸಿದವರು ಮರೆಯಾಗುತ್ತಾರೆ. ವಿ.ಎಂ. ಘಾಟಗೆ ಜರ್ಮನಿಯಲ್ಲಿ ವಾಯುಬಲ ವಿಜ್ಞಾನಿ ಪ್ರಾಂಟ್ಲ್ ಬಳಿ ಕಲಿತು ಬಂದು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಏರೋನಾಟಿಕಲ್ ವಿಭಾಗವನ್ನು ಕಟ್ಟಿದವರಲ್ಲಿ ಒಬ್ಬರು. ಎಚ್‌ಎಎಲ್‌ನಲ್ಲಿ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು, ಅಂಥವು ನೂರೈವತ್ತಕ್ಕೂ ಹೆಚ್ಚು ತಯಾರಾದವು. ಅವರ ಹೆಸರು ಹೊತ್ತ ಒಂದು ಸಂದೇಶವೂ ನನ್ನ ಮೊಬೈಲಿಗೆ ಬಂದಿಲ್ಲ.

ಹಳೆಯ ಕಾಲದ ಹೆಮ್ಮೆಯೇ ಬೇಕೆಂದರೆ ಅದೂ ಇಲ್ಲೇ ಇದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ರಾಕೆಟ್ ಮಾಡಿತು. ಕಬ್ಬಿಣ ಹೆಚ್ಚಿನ ಒತ್ತಡ ತಾಳುವುದರಿಂದ ಅವು ಹೆಚ್ಚು ದೂರ ಹೋದವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಬ್ರಿಟಿಷರ ಸೋಲಿನಲ್ಲಿ ಅವುಗಳ ಪಾಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರೇ ಅವನ್ನು ಇಂಗ್ಲೆಂಡಿಗೆ ಒಯ್ದರು, ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್‌ಗಳು ಸಿಕ್ಕವು. ಬೆಂಗಳೂರಿನ ವಾಯುಬಲ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲೇ ಈ ರಾಕೆಟ್‌ಗಳ ಬಗ್ಗೆ ಅಧ್ಯಯನ ಪ್ರಕಟಿಸಿದ್ದರು, ಗೌರವದಿಂದಲೇ. ಇಲ್ಲೂ ಕೇಳಬೇಕಾದ ಪ್ರಶ್ನೆಗಳು ಮುಕುಂದರ ತಂಡ ವಿಮಾನಗಳನ್ನು ಕೇಳಿದಂಥವೇ: ಕೊಳವೆ ಯಾವುದರದ್ದು, ನೂಕುವುದು ಏನು, ಎಷ್ಟು ದೂರ ಹೋಯಿತು, ಕಂಡವರು ಯಾರು. ಮೈಸೂರಿನ ರಾಕೆಟ್ ಅಷ್ಟಕ್ಕೂ ಉತ್ತರ ಕೊಡುತ್ತದೆ, ಏಟು ತಿಂದ ಶತ್ರುಗಳ ಬರಹದಲ್ಲೂ.