ಕಪ್ಪು ಪಟ್ಟಿಯ ಲೆಕ್ಕ: ಹಳೆಯ ಚಿತ್ರಕ್ಕೆ ಅಗಲ ಪರದೆಯಲ್ಲಿ ಎಷ್ಟು ಜಾಗ?

ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ತೆಗೆದ ‘ಮಾಲ್ಗುಡಿ ಡೇಸ್’ ಅನ್ನು ಸರಿಯಾದ ಅಳತೆಯಲ್ಲಿ ಹಾಕಿದರೆ ಚಿತ್ರ ಕೂರುವುದು ನಡುವಿನ 15,55,200 ಪಿಕ್ಸೆಲ್‌ಗಳಲ್ಲಿ ಮಾತ್ರ. ಎಡಕ್ಕೊಂದು, ಬಲಕ್ಕೊಂದು, 240 ಪಿಕ್ಸೆಲ್ ಅಗಲದ ಕಪ್ಪು ಪಟ್ಟಿಗಳು ನಿಲ್ಲುತ್ತವೆ. ಎರಡೂ ಸೇರಿ 5,18,400 ಪಿಕ್ಸೆಲ್. ಪರದೆಯ ಸರಿಯಾಗಿ ಕಾಲು ಭಾಗ. 10,000 ರೂಪಾಯಿ ಕೊಟ್ಟು ಮಾನಿಟರ್ ತಂದವರಿಗೆ ಅದರಲ್ಲಿ 2,500 ರೂಪಾಯಿಯಷ್ಟು ಗಾಜು ಕೆಲಸವಿಲ್ಲದೆ ಕೂತಿದೆ ಅನ್ನಿಸುವುದು ಸಹಜ. ಆ ಬೇಸರದಲ್ಲೇ ಬಹಳ ಜನ ಒಂದು ಬಟನ್ ಒತ್ತಿ ಚಿತ್ರವನ್ನು ಪರದೆ ತುಂಬಾ ಹಿಗ್ಗಿಸಿಬಿಡುತ್ತಾರೆ. ಹಾಗೆ ಮಾಡಿದಾಗ ಕಳೆದುಹೋಗುವುದೆಷ್ಟು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ಹಳೆಯ ಟಿವಿಯ ಚೌಕಟ್ಟು 4:3. ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನದು 16:9. ಮೊದಲನೆಯದನ್ನು ಎರಡನೆಯದಕ್ಕೆ ಎಳೆದು ಕೂರಿಸಿದರೆ ಅಡ್ಡಕ್ಕೆ ಶೇ. 33.3 ಹಿಗ್ಗುತ್ತದೆ, ಎತ್ತರ ಇದ್ದಷ್ಟೇ ಇರುತ್ತದೆ. 18 ಇಂಚಿನ ಹೆಗಲು 24 ಇಂಚಾಗುತ್ತದೆ. ಗುಂಡಗಿರುವ ಗಡಿಯಾರ ಮೊಟ್ಟೆಯಾಗುತ್ತದೆ. ‘ಮಾಲ್ಗುಡಿ ಡೇಸ್’ನ ಶೀರ್ಷಿಕೆಯಲ್ಲಿ ಬರುವ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳನ್ನೇ ನೋಡಿ: ಒಂದೊಂದು ಗೆರೆಯ ಬಾಗನ್ನೂ ಅಳೆದು ಎಳೆದ ಕೈ ಅದು. ಅಡ್ಡಕ್ಕೆ ಮೂರನೇ ಒಂದರಷ್ಟು ಊದಿಸಿದ ಮೇಲೆ ಅದು ಅವರ ಗೆರೆಯಾಗಿ ಉಳಿಯುವುದಿಲ್ಲ. ಹೋಟೆಲುಗಳಲ್ಲಿ, ಆಸ್ಪತ್ರೆಗಳ ಕಾಯುವ ಕೋಣೆಗಳಲ್ಲಿ ಹಳೆಯ ಕಾರ್ಯಕ್ರಮಗಳು ಹೀಗೇ ಊದಿಕೊಂಡು ಓಡುತ್ತಿರುತ್ತವೆ. ಜನ ಅದಕ್ಕೇ ಕಣ್ಣು ಒಗ್ಗಿಸಿಕೊಂಡಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಎರಡನೆಯ ದಾರಿ ಜೂಮ್. ಆಕಾರ ಕೆಡುವುದಿಲ್ಲ, ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ನಮ್ಮಲ್ಲಿ ನಡೆಯುತ್ತಿದ್ದ ಪಾಲ್ ಪದ್ಧತಿಯ ಡಿವಿಡಿಯಲ್ಲಿ 576 ಗೆರೆಗಳಿರುತ್ತವೆ. 4:3 ಚಿತ್ರವನ್ನು 16:9ಕ್ಕೆ ಜೂಮ್ ಮಾಡಿದರೆ 144 ಗೆರೆಗಳು ಹೊರಗೆ ಹೋಗಿ 432 ಉಳಿಯುತ್ತವೆ. ಆ 432 ಗೆರೆಗಳನ್ನು 1080ಕ್ಕೆ ಹಿಗ್ಗಿಸಬೇಕು, ಅಂದರೆ 2.5 ಪಟ್ಟು. ಕಪ್ಪು ಪಟ್ಟಿ ಇಟ್ಟುಕೊಂಡಿದ್ದರೆ 576 ಗೆರೆಗಳು 1.875 ಪಟ್ಟು ಮಾತ್ರ ಹಿಗ್ಗುತ್ತಿದ್ದವು. ಕಾಲು ಚಿತ್ರವನ್ನೂ ಕಳೆದುಕೊಂಡೆವು, ಉಳಿದದ್ದನ್ನೂ ಮಸುಕು ಮಾಡಿಕೊಂಡೆವು.

ಮನೆಯಲ್ಲಿ ನಾವು ಮಾಡಿಕೊಳ್ಳುವ ಈ ತಪ್ಪನ್ನು ದೊಡ್ಡ ಸಂಸ್ಥೆಗಳೂ ಮಾಡಿವೆ. 2019ರ ನವೆಂಬರಿನಲ್ಲಿ ಡಿಸ್ನಿ ಪ್ಲಸ್ ಶುರುವಾದಾಗ ‘ದಿ ಸಿಂಪ್ಸನ್ಸ್’ನ ಹಳೆಯ ಕಂತುಗಳನ್ನು 16:9ಕ್ಕೆ ಕತ್ತರಿಸಿ ಹಾಕಿತ್ತು. ಆ ಸರಣಿ 2009ರ ಫೆಬ್ರುವರಿಯವರೆಗೂ 4:3 ಚೌಕಟ್ಟಿನಲ್ಲೇ ತಯಾರಾದದ್ದು. ಒಂದು ದೃಶ್ಯದಲ್ಲಿ ಮೂರು ಬೇರೆ ಬೇರೆ ಹೆಸರಿನ ಬಿಯರ್ ತೊಟ್ಟಿಗಳಿಗೆ ಮೇಲಿನ ಒಂದೇ ಕೊಳವೆಯಿಂದ ಬಿಯರ್ ಇಳಿಯುತ್ತದೆ. ನಗು ಇರುವುದು ಆ ಕೊಳವೆಯಲ್ಲಿ. ಕತ್ತರಿ ಬಿದ್ದದ್ದು ಅದಕ್ಕೇ. ನೋಡುಗರು ಪಟ್ಟು ಹಿಡಿದ ಮೇಲೆ 2020ರ ಮೇ ತಿಂಗಳಲ್ಲಿ ಮೂಲ ಚೌಕಟ್ಟಿನ ಆಯ್ಕೆ ಬಂತು. 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಸೈನ್‌ಫೆಲ್ಡ್’ನಲ್ಲಂತೂ ರಸ್ತೆ ಗುಂಡಿಯ ಬಗ್ಗೆಯೇ ಇರುವ ಕಂತಿನಲ್ಲಿ ಆ ಗುಂಡಿಯೇ ಚೌಕಟ್ಟಿನಿಂದ ಆಚೆ ಹೋಗಿತ್ತು.

ನಡುವಿನ ಸಂಖ್ಯೆ

ಹಾಗಾದರೆ 16:9 ಎಂಬ ಅಳತೆ ಎಲ್ಲಿಂದ ಬಂತು? ಸಿನಿಮಾಕ್ಕೂ ಅದು ಹೊಂದುವುದಿಲ್ಲ, ಹಳೆಯ ಟಿವಿಗೂ ಹೊಂದುವುದಿಲ್ಲ. ಎಂಬತ್ತರ ದಶಕದಲ್ಲಿ ಅಮೆರಿಕದ ಚಲನಚಿತ್ರ ಮತ್ತು ಟೆಲಿವಿಷನ್ ಎಂಜಿನಿಯರುಗಳ ಸಂಘದ ಸಮಿತಿಯಲ್ಲಿದ್ದ ಕರ್ನ್ಸ್ ಪವರ್ಸ್, ಆಗ ಬಳಕೆಯಲ್ಲಿದ್ದ ಎಲ್ಲ ಚೌಕಟ್ಟುಗಳನ್ನೂ ಒಂದೇ ವಿಸ್ತೀರ್ಣಕ್ಕೆ ಬರೆದು ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತವೂ, ಎಲ್ಲಕ್ಕೂ ಸಮಾನವಾದ ಒಳಗಿನ ಆಯತವೂ ಹೆಚ್ಚು ಕಡಿಮೆ ಒಂದೇ ಅನುಪಾತಕ್ಕೆ ಬಂದವು: 1.77. ಗಣಿತದಲ್ಲಿ ಇದು ನೇರ. ಹಳೆಯ ಟಿವಿಯ 1.33ನ್ನು ಸಿನಿಮಾಸ್ಕೋಪಿನ 2.35ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸಿಗುವುದು 1.77. ಅದಕ್ಕೆ ಹತ್ತಿರದ ಪೂರ್ಣಾಂಕಗಳ ಜೋಡಿ 16:9.

ಇದರ ಫಲ ನೋಡಿ. 16:9 ಪರದೆಯಲ್ಲಿ 4:3 ಚಿತ್ರ ಬಳಸುವ ಜಾಗ ಶೇ. 75. ಅದೇ ಪರದೆಯಲ್ಲಿ 2.35ರ ಸ್ಕೋಪ್ ಚಿತ್ರ ಬಳಸುವ ಜಾಗ ಶೇ. 75.7. ಒಂದಕ್ಕೆ ಪಟ್ಟಿ ಅಕ್ಕಪಕ್ಕ, ಇನ್ನೊಂದಕ್ಕೆ ಮೇಲೆ ಕೆಳಗೆ. ನಷ್ಟ ಎರಡಕ್ಕೂ ಸಮ. ಸ್ಕೋಪ್ ಚಿತ್ರದ ಮೇಲೆ ಕೆಳಗಿನ ಪಟ್ಟಿಗಳನ್ನು ನಾವು ಸಿನಿಮಾದ ಲಕ್ಷಣವೆಂದೇ ಒಪ್ಪಿಕೊಂಡಿದ್ದೇವೆ, ಯಾರೂ ದೂರುವುದಿಲ್ಲ. ಅಷ್ಟೇ ವಿಸ್ತಾರದ ಪಟ್ಟಿ ಅಕ್ಕಪಕ್ಕ ಬಂದರೆ ಮಾತ್ರ ತಂತ್ರದ ದೋಷವೆಂದು ಭಾವಿಸುತ್ತೇವೆ. 1955ರ ‘ಪಥೇರ್ ಪಾಂಚಾಲಿ’ಯ ಚೌಕಟ್ಟು 1.37. ಫುಲ್ ಎಚ್‌ಡಿ ಪರದೆಯಲ್ಲಿ ಅದರ ಎರಡೂ ಬದಿಗೆ 220 ಪಿಕ್ಸೆಲ್ ಕಪ್ಪು ಇರಲೇಬೇಕು. ಅದು ಇಲ್ಲದಿದ್ದರೆ ಸತ್ಯಜಿತ್ ರಾಯ್ ಅವರ ಚಿತ್ರದ ಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ.

ಇಂಚಿನಲ್ಲಿ ಕಳೆದದ್ದು

ಮಾನಿಟರನ್ನು ನಾವು ಕೊಳ್ಳುವುದು ಕರ್ಣದ ಅಳತೆಯಲ್ಲಿ, ಮೂಲೆಯಿಂದ ಮೂಲೆಗೆ. ಇಲ್ಲೊಂದು ಸೂಕ್ಷ್ಮವಿದೆ. 24 ಇಂಚಿನ 4:3 ಪರದೆಯ ವಿಸ್ತೀರ್ಣ ಸುಮಾರು 276 ಚದರ ಇಂಚು. 24 ಇಂಚಿನ 16:9 ಪರದೆಯದು 246. ಡಬ್ಬದ ಮೇಲೆ ಅದೇ ‘24’, ಒಳಗೆ ಶೇ. 11 ಕಡಿಮೆ ಗಾಜು. ಹಳೆಯ ಚಿತ್ರ ನೋಡುವವರಿಗೆ ಹೊಡೆತ ಇನ್ನೂ ದೊಡ್ಡದು. 16:9 ಪರದೆಯ ಕರ್ಣವನ್ನು 0.817ರಿಂದ ಗುಣಿಸಿದರೆ ಅದರಲ್ಲಿ ಕೂರುವ 4:3 ಚಿತ್ರದ ಕರ್ಣ ಸಿಗುತ್ತದೆ:

15.6 ಇಂಚಿನ ಲ್ಯಾಪ್‌ಟಾಪ್: 12.7 ಇಂಚು
18.5 ಇಂಚಿನ ಮಾನಿಟರ್: 15.1 ಇಂಚು
24 ಇಂಚು: 19.6 ಇಂಚು
27 ಇಂಚು: 22.1 ಇಂಚು
32 ಇಂಚು: 26.1 ಇಂಚು

ಹಿಂದೆ 15 ಇಂಚಿನ ಚೌಕ ಮಾನಿಟರ್ ಇಟ್ಟುಕೊಂಡಿದ್ದವರು ಅದೇ ಗಾತ್ರದ ಚಿತ್ರ ಬೇಕೆಂದರೆ ಕನಿಷ್ಠ 18.5 ಇಂಚಿನದನ್ನು ತರಬೇಕು. 19 ಇಂಚಿನ ಚಿತ್ರಕ್ಕೆ 23.3 ಇಂಚು ಬೇಕು.

ವಿಸಿಡಿಯ ನಾಲ್ಕು ಬದಿಯ ಕಪ್ಪು

ಜೂಮ್ ಮಾಡುವುದೇ ಸರಿಯಾಗುವ ಒಂದು ಸಂದರ್ಭ ನಮ್ಮ ಮನೆಗಳಲ್ಲೇ ಇದೆ. ಸ್ಕೋಪ್ ಸಿನಿಮಾಗಳನ್ನು ವಿಸಿಡಿಗೆ ಇಳಿಸುವಾಗ ಆಗಿನ 4:3 ಟಿವಿಗೆಂದು ಮೇಲೆ ಕೆಳಗೆ ಕಪ್ಪು ಸೇರಿಸಿಯೇ ಮುದ್ರಿಸುತ್ತಿದ್ದರು. ಪಾಲ್ ವಿಸಿಡಿಯ ಚಿತ್ರ 352×288 ಪಿಕ್ಸೆಲ್. ಅದರಲ್ಲಿ 2.35ರ ಸಿನಿಮಾಕ್ಕೆ ಸಿಗುವುದು 163 ಗೆರೆಗಳು; ಉಳಿದ 125 ಗೆರೆ ಬರೀ ಕಪ್ಪು. ಇದನ್ನು ಅಗಲ ಪರದೆಗೆ ಹಾಕಿದರೆ ಅಕ್ಕಪಕ್ಕದಲ್ಲಿ ಮಾನಿಟರಿನ ಪಟ್ಟಿ, ಮೇಲೆ ಕೆಳಗೆ ಡಿಸ್ಕಿನೊಳಗಿನ ಪಟ್ಟಿ. ಸಿನಿಮಾಕ್ಕೆ ಉಳಿಯುವುದು 1440×613 ಪಿಕ್ಸೆಲ್, ಪರದೆಯ ಶೇ. 42.6 ಮಾತ್ರ. ವಿಎಲ್‌ಸಿ ಪ್ಲೇಯರಿನಲ್ಲಿ ‘ಸಿ’ ಕೀಲಿ ಒತ್ತುತ್ತಾ 16:9 ಕ್ರಾಪ್ ಬರುವವರೆಗೆ ಹೋದರೆ ಚಿತ್ರ 1920×817ಕ್ಕೆ ಏರುತ್ತದೆ. ವಿಸ್ತೀರ್ಣ 1.78 ಪಟ್ಟು ಹೆಚ್ಚಿತು, ಸಿನಿಮಾದ ಒಂದು ಗೆರೆಯೂ ಹೋಗಲಿಲ್ಲ. ಕತ್ತರಿ ಬಿದ್ದದ್ದು ಕಪ್ಪಿಗೆ ಮಾತ್ರ. ವಿಸಿಡಿಯಿಂದ ಇಳಿಸಿ ಯೂಟ್ಯೂಬಿಗೆ ಏರಿಸಿದ ಹಳೆಯ ಚಿತ್ರಗಳಲ್ಲೂ ಹೀಗೆ ನಾಲ್ಕೂ ಬದಿಗೆ ಕಪ್ಪು ಕಂಡರೆ ಕಾರಣ ಇದೇ. ಏರಿಸುವವರು ಮೊದಲೇ ಆ ಕಪ್ಪನ್ನು ಕತ್ತರಿಸಿ ಸ್ಕೋಪ್ ಅಳತೆಗೆ ಏರಿಸಿದರೆ ಮೊಬೈಲಿನಲ್ಲಿ ನೋಡುವವರಿಗೂ ಚಿತ್ರ ದೊಡ್ಡದಾಗಿ ಸಿಗುತ್ತದೆ.

ಆಟದಲ್ಲಿ ಲೆಕ್ಕವೇ ಬೇರೆ

ಸಿನಿಮಾ ಒಮ್ಮೆ ಚಿತ್ರೀಕರಣವಾಗಿ ಮುಗಿದದ್ದು. ಮೂರು ಆಯಾಮದ ಆಟ ಹಾಗಲ್ಲ. ಅದು ಪ್ರತಿ ಕ್ಷಣವೂ ಹೊಸದಾಗಿ ಬರೆದುಕೊಳ್ಳುವ ಚಿತ್ರ. ಆದ್ದರಿಂದ ಅಗಲ ಪರದೆಗೆ ನಿಜವಾಗಿಯೂ ಹೆಚ್ಚು ದೃಶ್ಯ ತೋರಿಸಬಲ್ಲದು. 4:3ರಲ್ಲಿ ಅಡ್ಡಕ್ಕೆ 90 ಡಿಗ್ರಿ ಕಾಣುವ ಆಟದಲ್ಲಿ ಮೇಲಿಂದ ಕೆಳಕ್ಕೆ 73.7 ಡಿಗ್ರಿ ಕಾಣುತ್ತದೆ. ಎತ್ತರ ಹಾಗೇ ಇಟ್ಟು 16:9ಕ್ಕೆ ಬಿಡಿಸಿದರೆ ಅಡ್ಡನೋಟ 106.3 ಡಿಗ್ರಿಗೆ ಏರುತ್ತದೆ: 16 ಡಿಗ್ರಿ ಹೆಚ್ಚುವರಿ ಲೋಕ, ಪುಕ್ಕಟೆ. ಅದರ ಬದಲು ಅಡ್ಡನೋಟವನ್ನು 90ಕ್ಕೇ ಕಟ್ಟಿಹಾಕಿದರೆ ಎತ್ತರದ ನೋಟ 58.7 ಡಿಗ್ರಿಗೆ ಕುಸಿಯುತ್ತದೆ. ದೊಡ್ಡ ಪರದೆ ಕೊಂಡವನಿಗೆ ಚಿಕ್ಕ ಲೋಕ. 2007ರಲ್ಲಿ ‘ಬಯೋಶಾಕ್’ ಬಿಡುಗಡೆಯಾದಾಗ ಆಟಗಾರರು ಸಿಟ್ಟಿಗೆದ್ದದ್ದು ಇದಕ್ಕೇ. ಚೌಕ ಪರದೆಯವರಿಗೆ ಕಾಣುತ್ತಿದ್ದ ನೆಲ, ಛಾವಣಿ ಅಗಲ ಪರದೆಯವರಿಗೆ ಕಾಣುತ್ತಿರಲಿಲ್ಲ. ಮುಂದೆ ಪ್ಯಾಚ್ ಮೂಲಕ ಸರಿಪಡಿಸಿದರು. ಹೀಗಾಗಿ ಮೂರು ಆಯಾಮದ ಆಟದಲ್ಲಿ ಅಕ್ಕಪಕ್ಕದ ಕಪ್ಪು ಪಟ್ಟಿ ನಿಜವಾದ ನಷ್ಟವೇ. ಸಿನಿಮಾದ ನಿಯಮವನ್ನು ಇಲ್ಲಿಗೆ ತರಬಾರದು.

ಇದಕ್ಕೂ ಒಂದು ವಿನಾಯಿತಿ ಇದೆ. ಹಿನ್ನೆಲೆಗಳನ್ನು ಮೊದಲೇ ಚಿತ್ರವಾಗಿ ತಯಾರಿಸಿಟ್ಟ ಆಟಗಳಲ್ಲಿ ಅಕ್ಕಪಕ್ಕ ತೋರಿಸಲು ಏನೂ ಇರುವುದೇ ಇಲ್ಲ. 2002ರ ‘ರೆಸಿಡೆಂಟ್ ಈವಿಲ್’ ಅನ್ನು 2015ರಲ್ಲಿ ಅಗಲ ಪರದೆಗೆ ತಂದಾಗ 4:3 ಹಿನ್ನೆಲೆಯನ್ನು ಕತ್ತರಿಸಿ, ಪಾತ್ರ ನಡೆದಂತೆ ಚಿತ್ರ ಮೇಲೆ ಕೆಳಗೆ ಸರಿಯುವಂತೆ ಮಾಡಿದರು. ಮೂಲ 4:3 ನೋಟವನ್ನೂ ಆಯ್ಕೆಯಾಗಿ ಉಳಿಸಿದರು. ಒಳ್ಳೆಯ ಕೆಲಸ.

ಸ್ಪರ್ಧೆಯ ಆಟಗಾರರು ಮಾತ್ರ ಬೇಕೆಂದೇ ಹಿಗ್ಗಿಸುತ್ತಾರೆ. ‘ಕೌಂಟರ್ ಸ್ಟ್ರೈಕ್’ನ ಎಷ್ಟೋ ವೃತ್ತಿಪರರು 1280×960ರಲ್ಲಿ ಆಡುತ್ತಾ ಚಿತ್ರವನ್ನು ಪರದೆ ತುಂಬಾ ಎಳೆಯುತ್ತಾರೆ. ಎದುರಾಳಿ ಶೇ. 33 ಅಗಲವಾಗಿ ಕಾಣುತ್ತಾನೆ, ಬರೆಯಬೇಕಾದ ಪಿಕ್ಸೆಲ್‌ಗಳು 20,73,600ರಿಂದ 12,28,800ಕ್ಕೆ ಇಳಿದು ಆಟ ವೇಗವಾಗಿ ಓಡುತ್ತದೆ. ಅದಕ್ಕೆ ತೆರುವ ಬೆಲೆ ಅಕ್ಕಪಕ್ಕದ 16 ಡಿಗ್ರಿ. ಲಾಭ ನಷ್ಟ ತಿಳಿದು ಮಾಡುವ ಆಯ್ಕೆ ಅದು. ಅದಕ್ಕೆ ನನ್ನ ಆಕ್ಷೇಪವಿಲ್ಲ.

ಮೇಲಿನಿಂದ ನೋಡುವ ಹಳೆಯ ಆಟಗಳಲ್ಲಿ ಬೇರೆ ತೊಡಕು. 1999ರ ‘ಏಜ್ ಆಫ್ ಎಂಪೈರ್ಸ್ 2’ ಅನ್ನು 1024×768ರಲ್ಲಿ ಆಡುತ್ತಿದ್ದವರು 1920×1080ಕ್ಕೆ ಬಂದರೆ ಭೂಪಟ 2.6 ಪಟ್ಟು ಕಾಣುತ್ತದೆ, ಆದರೆ ಸೈನಿಕರು ಇರುವೆಗಳಾಗುತ್ತಾರೆ. ಇನ್ನು 640×480ರ ಆಟಗಳನ್ನು 1080 ಗೆರೆಗೆ ಹಿಗ್ಗಿಸಿದರೆ 2.25 ಪಟ್ಟು ಬರುತ್ತದೆ. ಒಂದು ಪಿಕ್ಸೆಲನ್ನು ಎರಡೂಕಾಲು ಪಿಕ್ಸೆಲಿಗೆ ಹರಡಲಾಗದೆ ಅಂಚುಗಳು ಮಸುಕಾಗುತ್ತವೆ. ಚೂಪಾಗಿ ಬೇಕೆಂದರೆ ಎರಡೇ ಪಟ್ಟು ಮಾಡಿ ಪರದೆಯ ಶೇ. 59ಕ್ಕೆ ತೃಪ್ತಿಪಡಬೇಕು. 2560×1440 ಮಾನಿಟರಿನಲ್ಲಾದರೆ ಮೂರು ಪಟ್ಟು ಸರಿಯಾಗಿ 1920×1440. ಇಂಥ ಪೂರ್ಣಾಂಕದ ಹಿಗ್ಗಿಸುವಿಕೆಯನ್ನು ಎನ್‌ವಿಡಿಯಾ 2019ರ ಆಗಸ್ಟಿನಲ್ಲಿ ತನ್ನ ಡ್ರೈವರಿಗೆ ಸೇರಿಸಿತು.

1993ರ ‘ಡೂಮ್’ನಲ್ಲಿ ಲೆಕ್ಕವೇ ದಾರಿ ತಪ್ಪಿಸುತ್ತದೆ. ಅದರ ಚಿತ್ರ 320×200. 1920×1200 ಮಾನಿಟರಿಗೆ ಎರಡೂ ದಿಕ್ಕಿನಲ್ಲಿ ಸರಿಯಾಗಿ ಆರು ಪಟ್ಟು, ಒಂದು ಪಿಕ್ಸೆಲ್ ಉಳಿಯುವುದಿಲ್ಲ. ಆದರೂ ಅದು ತಪ್ಪು ಚಿತ್ರ. ಆಗಿನ 4:3 ಪರದೆಯಲ್ಲಿ ಆ ಪಿಕ್ಸೆಲ್‌ಗಳು ಅಗಲಕ್ಕಿಂತ ಶೇ. 20 ಎತ್ತರವಾಗಿದ್ದವು. ಅಡ್ಡಕ್ಕೆ ಐದು, ಎತ್ತರಕ್ಕೆ ಆರು ಪಟ್ಟು ಮಾಡಿ 1600×1200ಕ್ಕೆ ನಿಲ್ಲಿಸಿದರೆ ಮಾತ್ರ ರಾಕ್ಷಸರು ತಮ್ಮ ನಿಜವಾದ ಎತ್ತರಕ್ಕೆ ಬರುತ್ತಾರೆ.

ಕರೆಂಟು ಮತ್ತು ಕೊಳ್ಳುವ ಮಾತು

ಕಪ್ಪು ಪಟ್ಟಿಯಿಂದ ವಿದ್ಯುತ್ ಉಳಿಯುತ್ತದೆಯೇ? ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ, ಆದ್ದರಿಂದ ಉಳಿಯುವುದಿಲ್ಲ. 25 ವ್ಯಾಟಿನ ಮಾನಿಟರನ್ನು ದಿನಕ್ಕೆ 4 ಗಂಟೆ ಓಡಿಸಿದರೆ ತಿಂಗಳಿಗೆ 3 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 18 ರೂಪಾಯಿ. ಪಟ್ಟಿಗಳ ಪಾಲು ನಾಲ್ಕೂವರೆ ರೂಪಾಯಿ. ಒಎಲ್‌ಇಡಿಯಲ್ಲಿ ಕಪ್ಪು ಪಿಕ್ಸೆಲ್ ಆರಿಯೇ ಇರುವುದರಿಂದ ಅದೂ ಇಲ್ಲ. ಅಲ್ಲಿ ಚಿಂತೆ ಬೇರೆ: ನಡುವಿನ ಭಾಗ ಸವೆಯುತ್ತದೆ, ಅಂಚು ಸವೆಯುವುದಿಲ್ಲ. ವರ್ಷಗಟ್ಟಲೆ 4:3 ಮಾತ್ರ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳಬಹುದು.

ಹೊಸದನ್ನು ಕೊಳ್ಳುವವರು ಅಲ್ಟ್ರಾವೈಡ್ ಬಗ್ಗೆ ಯೋಚಿಸಿ ಹೆಜ್ಜೆ ಇಡಲಿ. 3440×1440ರ 34 ಇಂಚಿನ ಮಾನಿಟರಿನಲ್ಲಿ ಸ್ಕೋಪ್ ಸಿನಿಮಾ ತುಂಬಿ ನಿಲ್ಲುತ್ತದೆ. ಆದರೆ 4:3 ಚಿತ್ರಕ್ಕೆ ಸಿಗುವುದು ಶೇ. 55.8 ಜಾಗ. ಅದರ ಕರ್ಣ 21.9 ಇಂಚು, 27 ಇಂಚಿನ ಸಾಮಾನ್ಯ ಮಾನಿಟರ್ ಕೊಡುವ 22.1 ಇಂಚಿಗಿಂತಲೂ ಚೂರು ಕಡಿಮೆ. ಹಳೆಯದನ್ನೇ ಹೆಚ್ಚು ನೋಡುವವರಿಗೆ 16:10 ಒಳ್ಳೆಯದು: 24 ಇಂಚಿನದರಲ್ಲಿ 21.2 ಇಂಚಿನ ಚಿತ್ರ, ಶೇ. 83.3 ಬಳಕೆ.

ಕಚೇರಿಗಳಿಂದ ಗುಜರಿಗೆ ಹೋಗುತ್ತಿರುವ 19 ಇಂಚಿನ ಚೌಕ ಎಲ್‌ಸಿಡಿಗಳನ್ನೂ ಒಮ್ಮೆ ನೋಡಿ. ಅವು 5:4, 1280×1024. ಅದರಲ್ಲಿ 640×480 ಆಟ ಸರಿಯಾಗಿ ಎರಡು ಪಟ್ಟಾಗಿ ಕೂರುತ್ತದೆ, ಮೇಲೆ ಕೆಳಗೆ 32 ಗೆರೆ ಮಾತ್ರ ಕಪ್ಪು, ಬಳಕೆ ಶೇ. 93.75. ಚಿತ್ರದ ಕರ್ಣ 18.5 ಇಂಚು, ಹೊಚ್ಚಹೊಸ 24 ಇಂಚಿನ ಮಾನಿಟರ್ ಕೊಡುವುದು ಅದಕ್ಕಿಂತ ಬರೀ ಒಂದು ಇಂಚು ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಮಾಲಿನ ಅಂಗಡಿಗಳಲ್ಲಿ ಹುಡುಕುವಾಗ ಡಿವಿಐ ಕಿಂಡಿ ಇರುವುದನ್ನೇ ಕೇಳಿ, ಹಚ್ಚಿ ಬಿಳಿ ಪರದೆ ತೋರಿಸಲು ಹೇಳಿ. ಹಿಂಬದಿಯ ದೀಪ ಹಳದಿಗೆ ತಿರುಗಿದ್ದರೆ ಬಿಟ್ಟುಬಿಡಿ.